ಶಾಲೆಯ ಮೈದಾನದಲ್ಲಿ ಚೈತ್ರಮಾಸ: ಬೆಂಗಳೂರಿನ ರಾಮನವಮಿ ಸಂಗೀತೋತ್ಸವಗಳು ನಡೆಯುವ ಬಗೆ

ಚೆನ್ನೈಯ ಸಂಗೀತದ ಋತು ಡಿಸೆಂಬರಿಗೆ ಸೇರಿದ್ದು, ಬೆಂಗಳೂರಿನದು ಬೇಸಿಗೆಗೆ ಸೇರಿದ್ದು. ಚೆನ್ನೈಯ ಋತು ಡಿಸೆಂಬರಿನಲ್ಲೇ ಏಕೆ ನೆಲೆನಿಂತಿತು ಎಂಬುದಕ್ಕೆ ಸ್ಪಷ್ಟವಾದ ಚರಿತ್ರೆಯಿದೆ: 1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಅದರ ಜೊತೆಯಲ್ಲೇ ಸಂಗೀತ ಸಮ್ಮೇಳನವೊಂದು ನಡೆಯಿತು, ಅದರ ಫಲವಾಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು, ಉಳಿದ ಸಂಗೀತ ಸಂಸ್ಥೆಗಳು ಅದೇ ಕಾಲವನ್ನು ಹಿಡಿದುಕೊಂಡವು. ಬೆಂಗಳೂರಿನ ಬೇಸಿಗೆಯ ಋತುವಿಗೆ ಇಂತಹ ಒಂದೇ ಆರಂಭದ ದಿನವನ್ನು ತೋರಿಸಲಾಗುವುದಿಲ್ಲ. ಪಂಚಾಂಗ, ಶಾಲೆಯ ರಜೆ, ಖಾಲಿಯಾದ ಮೈದಾನ, ಸಂಜೆಯ ಗಾಳಿ ಮತ್ತು ಬಡಾವಣೆಯ ಜನರ ಚಂದಾ ಹಣ ಇವೆಲ್ಲವೂ ಒಂದೇ ಕಾಲದಲ್ಲಿ ಕೂಡಿಬಂದದ್ದರಿಂದ ಆ ಋತು ತಾನಾಗಿ ರೂಪುಗೊಂಡಿತು. ಯುಗಾದಿಯಿಂದ ಮೇ ತಿಂಗಳವರೆಗೆ ನಗರದ ಹಳೆಯ ಬಡಾವಣೆಗಳಲ್ಲಿ ನಡೆಯುವ ರಾಮನವಮಿ ಸಂಗೀತೋತ್ಸವಗಳನ್ನು ಅರ್ಥಮಾಡಿಕೊಳ್ಳಬೇಕಾದರೆ, ವೇದಿಕೆಯ ಮೇಲಿನ ವಿದ್ವಾಂಸರನ್ನು ನೋಡುವ ಮೊದಲು ಈ ಕೂಡಿಕೆಯನ್ನು ನೋಡಬೇಕಾಗುತ್ತದೆ.

ಮೊದಲು ಪಂಚಾಂಗದ ಮಾತು. ರಾಮನವಮಿ ಚೈತ್ರ ಶುಕ್ಲ ನವಮಿಯ ದಿನ ಬರುತ್ತದೆ, ಅಂದರೆ ಚಾಂದ್ರಮಾನ ಯುಗಾದಿಯಿಂದ ಲೆಕ್ಕಹಾಕಿದರೆ ಒಂಬತ್ತನೆಯ ತಿಥಿ. ಚಾಂದ್ರಮಾನದ ವರ್ಷದಲ್ಲಿ ಸುಮಾರು 354 ದಿನಗಳಿರುವುದರಿಂದ ಹಬ್ಬ ಪ್ರತಿವರ್ಷ ಹನ್ನೊಂದು ದಿನಗಳಷ್ಟು ಹಿಂದಕ್ಕೆ ಸರಿಯುತ್ತದೆ. ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸ ಬಂದು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಹೀಗಾಗಿ 2023ರಲ್ಲಿ ಮಾರ್ಚ್ 30ರಂದು ಬಂದ ರಾಮನವಮಿ 2024ರಲ್ಲಿ ಏಪ್ರಿಲ್ 17ಕ್ಕೆ ಹೋಯಿತು, 2025ರಲ್ಲಿ ಏಪ್ರಿಲ್ 6ಕ್ಕೆ ಹಿಂದಿರುಗಿತು. ಉತ್ಸವ ನಡೆಸುವವರಿಗೆ ಈ ಓಡಾಟ ಬಹಳ ಮುಖ್ಯವಾದ ಸಂಗತಿ. ಹಬ್ಬ ಮಾರ್ಚ್ ಕೊನೆಗೆ ಬಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಸಿಕ್ಕಿಕೊಳ್ಳುತ್ತದೆ, ಶಾಲೆಯ ಕಟ್ಟಡ ಪರೀಕ್ಷಾ ಕೇಂದ್ರವಾಗಿದ್ದರೆ ಮೈದಾನದಲ್ಲಿ ಕಂಬ ನೆಡುವುದೇ ಕಷ್ಟವಾಗುತ್ತದೆ, ಮನೆಯಲ್ಲಿ ಓದುವ ಮಕ್ಕಳಿರುವ ಕುಟುಂಬದವರು ಸಂಜೆ ಹೊರಗೆ ಬರುವುದಿಲ್ಲ. ಏಪ್ರಿಲ್ ನಡುವಿಗೆ ಬಂದರೆ ಬೇಸಿಗೆ ರಜೆ ಆರಂಭವಾಗಿರುತ್ತದೆ, ಮೈದಾನ ಬಿಡುವಾಗಿರುತ್ತದೆ, ಅಜ್ಜಿಯ ಮನೆಗೆ ಬಂದ ಮೊಮ್ಮಕ್ಕಳು ಕೂಡ ಚಪ್ಪರದೊಳಗೆ ಇರುತ್ತಾರೆ.

ಉತ್ಸವಗಳು ಒಂದೇ ವಾರದಲ್ಲಿ ಮುಗಿಯದೆ ತಿಂಗಳುಗಟ್ಟಲೆ ಹರಡಿಕೊಳ್ಳಲು ಇನ್ನೊಂದು ಶಾಸ್ತ್ರೀಯ ಕಾರಣವಿದೆ, ಅದನ್ನು ಈಗಿನ ಕೇಳುಗರಲ್ಲಿ ಅನೇಕರು ಮರೆತಿದ್ದಾರೆ. ರಾಮೋತ್ಸವವನ್ನು ಆಚರಿಸುವುದರಲ್ಲಿ ಎರಡು ಪದ್ಧತಿಗಳಿವೆ. ಯುಗಾದಿಯ ಪಾಡ್ಯದಿಂದ ನವಮಿಯವರೆಗೆ ಒಂಬತ್ತು ದಿನ ಆಚರಿಸುವುದು ಗರ್ಭೋತ್ಸವ. ನವಮಿಯಂದು ಆರಂಭಿಸಿ ಮುಂದಿನ ದಿನಗಳಿಗೆ ಕೊಂಡೊಯ್ಯುವುದು ಜನ್ಮೋತ್ಸವ. ಒಂದು ದೇವಸ್ಥಾನದವರು ಮೊದಲನೆಯದನ್ನು, ಪಕ್ಕದ ಬೀದಿಯ ಸಮಿತಿಯವರು ಎರಡನೆಯದನ್ನು ಅನುಸರಿಸಿದರೆ ಎರಡರ ಕಛೇರಿಗಳೂ ಒಂದಕ್ಕೊಂದು ಅಡ್ಡಬರುವುದಿಲ್ಲ. ಧರ್ಮಶಾಸ್ತ್ರದ ಈ ಭೇದ ಕಲಾವಿದರಿಗೂ ಕೇಳುಗರಿಗೂ ದೊಡ್ಡ ಉಪಕಾರ ಮಾಡಿದೆ. ಒಬ್ಬ ವಿದ್ವಾಂಸರು ಯುಗಾದಿಯ ವಾರದಲ್ಲಿ ಒಂದು ಬಡಾವಣೆಯಲ್ಲಿ, ನವಮಿ ಕಳೆದ ಮೇಲೆ ಇನ್ನೊಂದರಲ್ಲಿ, ನಡುವೆ ಮೈಸೂರಿನಲ್ಲಿ ಹಾಡಲು ಸಾಧ್ಯವಾದದ್ದು ಇದರಿಂದಲೇ.

ಮೈಸೂರಿನ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ರಾಮನವಮಿಗೆ ಸಂಗೀತ ಕಛೇರಿಗಳನ್ನು ಏರ್ಪಡಿಸುವ ರೂಢಿಗೆ ಹಳೆಯ ಮೈಸೂರು ಸೀಮೆಯಲ್ಲಿ ಭದ್ರವಾದ ತಳಹದಿ ಹಾಕಿದವರಲ್ಲಿ ಬಿಡಾರಂ ಕೃಷ್ಣಪ್ಪನವರು (1866–1931) ಪ್ರಮುಖರು. ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ಅವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ದರ್ಬಾರಿಗೆ ಆಹ್ವಾನವಿಲ್ಲದವರೂ ಕುಳಿತು ಕೇಳಬಹುದಾದ ಸ್ಥಳ ಅದಾಯಿತು. ಅರಮನೆಯ ಸಂಗೀತ ಬೀದಿಯ ಜನರ ಸಂಗೀತವಾದ ಕತೆಯಲ್ಲಿ ಆ ಮಂದಿರಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದು ನನಗೆ ಅನ್ನಿಸುತ್ತದೆ. ಅವರ ಶಿಷ್ಯ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡದ್ದಕ್ಕೂ ಇಂತಹ ತುಂಬಿದ ಸಭೆಗಳಿಗೂ ಸಂಬಂಧವಿದೆ: ಮೈಕು ಬಳಕೆಗೆ ಬರುವ ಮುನ್ನ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ಮುಟ್ಟುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಈ ಪರಂಪರೆಯ ದೊಡ್ಡ ಹೆಸರು ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯದು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ ಕೋಟೆ ಮತ್ತು ಪೇಟೆಗೆ ತಾಗಿಕೊಂಡಿರುವ ಬಡಾವಣೆ. ವ್ಯಾಪಾರಸ್ಥರು, ಉಪಾಧ್ಯಾಯರು, ಸರ್ಕಾರಿ ನೌಕರರು ಒತ್ತೊತ್ತಾಗಿ ವಾಸಿಸುತ್ತಿದ್ದ ಸ್ಥಳ. ಅಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗಲೇ, ಗೆಳೆಯರೊಂದಿಗೆ ಸೇರಿ ಆರಂಭಿಸಿದ ರಾಮೋತ್ಸವ ಮುಂದೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನೆಲೆಯೂರಿ, ಸುಮಾರು ಒಂದು ತಿಂಗಳ ಕಾಲ ನಡೆಯುವ ಸಂಗೀತೋತ್ಸವವಾಗಿ ಬೆಳೆಯಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಎಂ. ಬಾಲಮುರಳಿಕೃಷ್ಣ, ಭೀಮಸೇನ ಜೋಶಿ ಅವರಂತಹವರು ಹಾಡಿದ್ದು ಆ ಮೈದಾನದ ಚಪ್ಪರದಲ್ಲಿ. ಕರ್ನಾಟಕ ಸಂಗೀತದ ಕೇಳುಗರ ನಡುವೆ ಹಿಂದೂಸ್ತಾನಿ ಗಾಯಕರೊಬ್ಬರು ಕುಳಿತು ಅಭಂಗವನ್ನೋ ದಾಸರ ಪದವನ್ನೋ ಹಾಡುವುದು ಹಿಂದೂಸ್ತಾನಿ ಸಂಗೀತದ ಧಾರವಾಡ ಮತ್ತು ಕರ್ನಾಟಕ ಸಂಗೀತದ ಮೈಸೂರು ಎರಡೂ ಸೇರಿರುವ ನಾಡಿನಲ್ಲಿ ಸಹಜವಾಗಿ ಬಂದ ಏರ್ಪಾಡು, ಇದನ್ನು ಬೆಂಗಳೂರಿನ ಉತ್ಸವಗಳ ವಿಶೇಷ ಗುಣವೆಂದೇ ಹೇಳಬಹುದು.

ಸಂಗೀತಕ್ಕೆಂದೇ ಕಟ್ಟಿದ ಜಾಗಗಳು ನಗರಕ್ಕೆ ಇಲ್ಲದೆ ಹೋಗಿರಲಿಲ್ಲ. ಬೆಂಗಳೂರು ಗಾಯನ ಸಮಾಜ 1905ರಿಂದಲೂ ಇದೆ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆದುಕೊಂಡಿತು. ಇಷ್ಟಾದರೂ ಬೇಸಿಗೆಯ ಕಛೇರಿಗಳು ಮೈದಾನವನ್ನು ಬಿಟ್ಟುಕೊಡಲಿಲ್ಲ. ಚಪ್ಪರಕ್ಕೆ ಗೋಡೆಯಿಲ್ಲ ಎಂಬುದು ಇದಕ್ಕೆ ಮುಖ್ಯವಾದ ಕಾರಣ. ಸಭಾಂಗಣದೊಳಗೆ ಬರುವವರು ಸಂಗೀತ ಕೇಳಲೆಂದೇ ಮನೆಯಿಂದ ಹೊರಟವರು. ಚಪ್ಪರದ ಅಂಚಿನಲ್ಲಿ ನಿಲ್ಲುವವರಲ್ಲಿ ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಿರುವವರು, ಆಟೋ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿರುವವರು, ಮಗುವಿಗೆ ಬಲೂನು ಕೊಡಿಸಲು ಬಂದವರು ಎಲ್ಲರೂ ಇರುತ್ತಾರೆ. ಅವರಲ್ಲಿ ಕೆಲವರು ಒಂದು ಕೀರ್ತನೆ ಮುಗಿಯುವವರೆಗೆ ನಿಲ್ಲುತ್ತಾರೆ, ಮಾರನೆಯ ದಿನ ಸ್ವಲ್ಪ ಒಳಗೆ ಬಂದು ನಿಲ್ಲುತ್ತಾರೆ, ಮೂರನೆಯ ವರ್ಷ ಸೀಸನ್ ಟಿಕೆಟ್ ಕೊಳ್ಳುತ್ತಾರೆ. ಹೊಸ ಕೇಳುಗರು ಹುಟ್ಟುವ ಜಾಗ ಆ ಅಂಚು. ಹವಾನಿಯಂತ್ರಿತ ಸಭಾಂಗಣಕ್ಕೆ ಸ್ಥಳಾಂತರಗೊಂಡ ಉತ್ಸವಗಳು ಧೂಳು ಮತ್ತು ಸೆಖೆಯಿಂದ ಪಾರಾಗಿವೆ, ಆದರೆ ಈ ಅಂಚನ್ನು ಕಳೆದುಕೊಂಡಿವೆ, ಅದು ಸಣ್ಣ ನಷ್ಟವೆಂದು ನಾನು ಒಪ್ಪಲಾರೆ.

ಸೆಖೆಯ ಪ್ರಶ್ನೆಯನ್ನೂ ಇಲ್ಲೇ ಬಿಡಿಸಿಕೊಳ್ಳಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಏಪ್ರಿಲ್‌ನ ಮಧ್ಯಾಹ್ನ 34 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೂ ಸಂಜೆಯಾಗುತ್ತಿದ್ದಂತೆ ನೆಲ ಬೇಗ ತಣಿಯುತ್ತದೆ. ರಾತ್ರಿ 22 ಡಿಗ್ರಿಗೆ ಇಳಿಯುತ್ತದೆ. ಕರಾವಳಿಯ ಊರುಗಳಲ್ಲಿ ರಾತ್ರಿಯೂ ಬೆವರಿಳಿಸುವ ತೇವದ ಸೆಖೆ ಇಲ್ಲಿಲ್ಲ, ಆದ್ದರಿಂದ ಇಲ್ಲಿಯ ಜನರಿಗೆ ಬೇಸಿಗೆಯ ರಾತ್ರಿ ಹೊರಗೆ ಕುಳಿತುಕೊಳ್ಳುವ ಕಾಲ. ಈಚಿನ ವರ್ಷಗಳಲ್ಲಿ ಇದು ಮೊದಲಿನಷ್ಟು ನಿಶ್ಚಿತವಾಗಿ ಉಳಿದಿಲ್ಲ. 2016ರ ಏಪ್ರಿಲ್ ಕೊನೆಯ ವಾರದಲ್ಲಿ ನಗರದಲ್ಲಿ 39.2 ಡಿಗ್ರಿ ದಾಖಲಾಯಿತು. ಬಿಸಿಲಿಗಿಂತ ಕಷ್ಟ ಕೊಡುವುದು ಮಳೆ. ಏಪ್ರಿಲ್ ಮೇ ತಿಂಗಳ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೇ ಎರಗುತ್ತದೆ, ಅಂದರೆ ಕಛೇರಿ ಆರಂಭವಾಗುವ ಹೊತ್ತಿಗೆ. ಮೇಲೆ ತಗಡಿನ ಹೊದಿಕೆಯಿದ್ದರೆ ಹನಿಯ ಸದ್ದಿನಲ್ಲಿ ತಂಬೂರಿಯ ಶ್ರುತಿಯೇ ಮುಳುಗಿಹೋಗುತ್ತದೆ. ಬಟ್ಟೆಯ ಶಾಮಿಯಾನವಾಗಿದ್ದರೆ ನೀರು ಮಡುಗಟ್ಟಿ ಹೊಟ್ಟೆಯಂತೆ ಜೋತುಬೀಳುತ್ತದೆ, ಸ್ವಯಂಸೇವಕರು ಬಿದಿರು ಕೋಲಿನಿಂದ ಅದನ್ನು ಎತ್ತಿ ನೀರು ಚೆಲ್ಲುತ್ತಿರಬೇಕಾಗುತ್ತದೆ.

ಈ ಹವೆಯನ್ನು ಎಲ್ಲರಿಗಿಂತ ಮೊದಲು ಅರಿಯುವವರು ಮೃದಂಗದವರು. ಮೃದಂಗದ ಎರಡೂ ಮುಖಗಳು ಚರ್ಮದವು; ಒಣಹವೆಯಲ್ಲಿ ಚರ್ಮ ಬಿಗಿಯಾಗಿ ಶ್ರುತಿ ಏರುತ್ತದೆ, ಮಳೆ ಬಿದ್ದು ತೇವ ಹತ್ತಿದರೆ ಸಡಿಲವಾಗಿ ಇಳಿಯುತ್ತದೆ. ಎಡಮುಖದ ನಡುವೆ ಕಛೇರಿಗೆ ಮೊದಲು ನೀರಿನಲ್ಲಿ ಕಲಸಿದ ರವೆಯ ಮುದ್ದೆಯನ್ನು ಹಚ್ಚುತ್ತಾರೆ. ಗುಂಭವೆಂಬ ಗಂಭೀರವಾದ ನಾದ ಬರುವುದು ಅದರಿಂದ. ಚೈತ್ರದ ಸೆಖೆಯಲ್ಲಿ ಆ ರವೆ ಬೇಗ ಒಣಗುತ್ತದೆ, ವಿದ್ವಾಂಸರು ಎರಡು ಕೀರ್ತನೆಗಳ ನಡುವೆ ಬೆರಳನ್ನು ನೀರಿಗೆ ಅದ್ದಿ ಅದನ್ನು ಒದ್ದೆ ಮಾಡುವುದನ್ನು ಮುಂದಿನ ಸಾಲಿನವರು ಕಾಣಬಹುದು. ಬಲಮುಖದ ಅಂಚನ್ನು ಪುಟ್ಟ ಕಲ್ಲಿನಿಂದಲೂ ಮರದ ತುಂಡಿನಿಂದಲೂ ತಟ್ಟಿ, ತಲೆ ಬಗ್ಗಿಸಿ ಆಲಿಸಿ, ಮತ್ತೆ ತಟ್ಟುವ ಆ ಒಂದೆರಡು ನಿಮಿಷಗಳನ್ನು ಅನೇಕರು ವಿರಾಮವೆಂದು ತಿಳಿದು ಮಾತಿಗೆ ತೊಡಗುತ್ತಾರೆ. ತೆರೆದ ಮೈದಾನದ ಹವೆಯೊಂದಿಗೆ ವಾದ್ಯವನ್ನು ಹೊಂದಿಸುವ ಆ ಕೆಲಸಕ್ಕೆ ಬೇಕಾದದ್ದು ಸುತ್ತಲಿನ ನಿಶ್ಶಬ್ದ.

ಕಛೇರಿಯ ರೂಪವನ್ನು ಹವೆಗಿಂತಲೂ ಹೆಚ್ಚಾಗಿ ಬದಲಿಸಿದ್ದು ಗಡಿಯಾರ. ಹಳೆಯ ಕೇಳುಗರು ಮಧ್ಯರಾತ್ರಿ ಕಳೆದರೂ ಏಳದಿದ್ದ ಕಛೇರಿಗಳನ್ನು ನೆನೆಯುತ್ತಾರೆ. ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ 2000ನೇ ಇಸವಿಯಲ್ಲಿ ಬಂದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಇದರಿಂದ ಸಂಜೆ ಆರೂವರೆಯ ಸುಮಾರಿಗೆ ಆರಂಭವಾದ ಪ್ರಮುಖ ಕಛೇರಿ ಒಂಬತ್ತೂವರೆಯ ಹೊತ್ತಿಗೆ ಮಂಗಳ ಹಾಡಲೇಬೇಕಾಗಿದೆ. ಮೂರು ಗಂಟೆಯೊಳಗೆ ವರ್ಣ, ಕೆಲವು ಕೀರ್ತನೆಗಳು, ವಿಸ್ತಾರವಾದ ಒಂದು ಪ್ರಧಾನ ಕೃತಿ, ಅದರ ಕೊನೆಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ, ಆಮೇಲೆ ದೇವರನಾಮ ಮತ್ತು ತಿಲ್ಲಾನ ಇವೆಲ್ಲ ಸೇರಬೇಕು. ಒಂದೇ ರಾಗವನ್ನು ಬಹಳ ಹೊತ್ತು ಬೆಳೆಸುವ ರಾಗ, ತಾನ, ಪಲ್ಲವಿಯನ್ನು ಎತ್ತಿಕೊಂಡರೆ ಉಳಿದದ್ದಕ್ಕೆ ಹೊತ್ತು ಸಾಲುವುದಿಲ್ಲ, ಆದ್ದರಿಂದ ಅದು ಈಗ ಎಲ್ಲ ದಿನವೂ ಕೇಳಸಿಗುವುದಿಲ್ಲ. ನಿದ್ದೆಗೆ ಅಡ್ಡಿಯಾಗಬಾರದೆಂಬ ನೆರೆಮನೆಯವರ ಹಕ್ಕನ್ನು ನಾನು ಪೂರ್ತಿಯಾಗಿ ಮಾನ್ಯಮಾಡುತ್ತೇನೆ. ಆದರೂ ಆಲಾಪನೆ ಅರಳುವ ಮೊದಲೇ ಗಡಿಯಾರ ನೋಡಿಕೊಳ್ಳುವ ಗಾಯಕರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಇದಕ್ಕೆ ಕೆಲವು ಸಮಿತಿಗಳು ಕಂಡುಕೊಂಡಿರುವ ಪರಿಹಾರ ಒಳ್ಳೆಯದು: ಭಾನುವಾರ ಬೆಳಿಗ್ಗೆ ಕಛೇರಿ ಇಡುವುದು. ಬೆಳಗಿನ ರಾಗಗಳನ್ನು ಬೆಳಗಿನಲ್ಲೇ ಕೇಳುವ ಅವಕಾಶ ಹೀಗೆ ಮರಳಿ ಬಂದಿದೆ.

ಇಷ್ಟನ್ನೆಲ್ಲ ಹಣವಿಲ್ಲದೆ ನಡೆಸಲಾಗುವುದಿಲ್ಲ. ಉತ್ಸವವೊಂದರ ಖರ್ಚಿನಲ್ಲಿ ಕಲಾವಿದರ ಸಂಭಾವನೆಯ ಜೊತೆಗೆ ಶಾಮಿಯಾನ, ಮೈಕು, ಬಾಡಿಗೆ ಕುರ್ಚಿ, ತಾತ್ಕಾಲಿಕ ವಿದ್ಯುತ್ ಸಂಪರ್ಕ, ಜನರೇಟರ್, ಹೂವು, ಮುದ್ರಣ, ಪರಊರಿನಿಂದ ಬರುವವರ ಪ್ರಯಾಣ ಮತ್ತು ವಸತಿ ಇವೆಲ್ಲ ಸೇರುತ್ತವೆ. ವರಮಾನ ಹಲವು ತೊರೆಗಳಿಂದ ಬರುತ್ತದೆ. ದೊಡ್ಡ ಉತ್ಸವಗಳಲ್ಲಿ ಟಿಕೆಟ್ ಇರುತ್ತದೆ. ಸ್ಮರಣ ಸಂಚಿಕೆಯ ಜಾಹೀರಾತು, ಬ್ಯಾಂಕುಗಳ ಮತ್ತು ಕಂಪನಿಗಳ ಪ್ರಾಯೋಜನೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನೆರವು ಇರುತ್ತವೆ. ಬಡಾವಣೆಯ ಸಣ್ಣ ಸಮಿತಿಗಳಲ್ಲಿ ಟಿಕೆಟ್ ಇರುವುದಿಲ್ಲ. ಅಲ್ಲಿ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ಹಿರಿಯರಿರುತ್ತಾರೆ, ಮತ್ತು ಸೇವಾಕರ್ತರು ಎಂಬ ಪದ್ಧತಿ ಇರುತ್ತದೆ. ಆಹ್ವಾನ ಪತ್ರಿಕೆಯನ್ನು ಗಮನವಿಟ್ಟು ಓದಿದರೆ ಪ್ರತಿದಿನದ ಕಛೇರಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಕುಟುಂಬದ ಹೆಸರು ಕಾಣುತ್ತದೆ. ತೀರಿಕೊಂಡ ತಂದೆಯ ನೆನಪಿಗೆ, ಮಗಳ ಮದುವೆಯ ಸಂತೋಷಕ್ಕೆ, ಕೆಲವೊಮ್ಮೆ ಹರಕೆಗೆ ಆ ದಿನದ ಖರ್ಚನ್ನು ಅವರು ವಹಿಸಿಕೊಂಡಿರುತ್ತಾರೆ. ಕಛೇರಿ ನಡೆಯುವಾಗ ಮೊದಲ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಸ್ವಲ್ಪ ಸಂಕೋಚದಿಂದ ಕುಳಿತಿರುವ ಮನೆಯವರು ಅವರೇ. ಸಂಗೀತದ ಪರಿಚಯ ಹೆಚ್ಚಾಗಿ ಇಲ್ಲದ ಕುಟುಂಬಗಳೂ ವರ್ಷಕ್ಕೊಮ್ಮೆ ಹೀಗೆ ಸಂಗೀತಕ್ಕೆ ಆಶ್ರಯ ಕೊಡುತ್ತಿರುವುದನ್ನು ಗಮನಿಸಿದರೆ, ಮಹಾರಾಜರ ಪೋಷಣೆಯ ಜಾಗದಲ್ಲಿ ಏನು ಬಂದು ಕುಳಿತಿದೆ ಎಂಬುದು ತಿಳಿಯುತ್ತದೆ.

ಸಮಿತಿಯ ಕಾರ್ಯದರ್ಶಿಯ ಕೆಲಸ ಹಣ ಕೂಡಿಸುವುದಕ್ಕಿಂತ ಸೂಕ್ಷ್ಮವಾದದ್ದು. ಗಾಯಕರೊಬ್ಬರನ್ನು ಒಪ್ಪಿಸಿದರೆ ಕಛೇರಿ ಸಿದ್ಧವಾಗುವುದಿಲ್ಲ. ಅವರಿಗೆ ಹೊಂದುವ ಪಕ್ಕವಾದ್ಯ ಬೇಕು. ಗಾಯಕಿಯರ ಶ್ರುತಿ ಸಾಮಾನ್ಯವಾಗಿ ಹೆಚ್ಚು, ಗಾಯಕರದು ತಗ್ಗು. ಮೃದಂಗದವರು ಅದಕ್ಕೆ ತಕ್ಕ ವಾದ್ಯವನ್ನೇ ತರಬೇಕಾದ್ದರಿಂದ ಆ ವಿಷಯ ಅವರಿಗೆ ಮೊದಲೇ ತಿಳಿದಿರಬೇಕು. ಹಿರಿಯ ಗಾಯಕರ ಪಕ್ಕಕ್ಕೆ ಒಬ್ಬ ಕಿರಿಯ ಪಿಟೀಲು ವಾದಕಿಯನ್ನು ಕೂರಿಸುವ ಧೈರ್ಯ ಮಾಡುವ ಕಾರ್ಯದರ್ಶಿಗಳಿಂದ ಎಷ್ಟೋ ಜನ ಕಲಾವಿದರ ಬದುಕು ಬದಲಾಗಿದೆ. ಪ್ರಮುಖ ಕಛೇರಿಗೆ ಮೊದಲಿನ ಒಂದು ಗಂಟೆಯನ್ನು ಯುವ ಕಲಾವಿದರಿಗೆ ಬಿಟ್ಟುಕೊಡುವ ಪದ್ಧತಿಯೂ ಇದೆ. ಕುರ್ಚಿಗಳು ಅರ್ಧ ಖಾಲಿಯಿರುವ ಆ ಹೊತ್ತಿನಲ್ಲಿ ಹಾಡಲು ಕಲಿತವರು ಮುಂದೆ ಎಂತಹ ಸಭೆಗೂ ಅಂಜುವುದಿಲ್ಲ.

ರಾಮನವಮಿಯ ಚಪ್ಪರಕ್ಕೆ ಸಂಗೀತದಷ್ಟೇ ಅಗತ್ಯವಾದದ್ದು ಪಾನಕ, ನೀರುಮಜ್ಜಿಗೆ ಮತ್ತು ಕೋಸಂಬರಿ. ಇವು ಬೇಸಿಗೆಯ ದೇಹಕ್ಕೆ ಬೇಕಾದ ನೀರು, ಉಪ್ಪು, ಸಿಹಿಯನ್ನು ಕೊಡುವ ಪದಾರ್ಥಗಳು. ಹಬ್ಬ ಅವಕ್ಕೆ ಪ್ರಸಾದದ ಸ್ಥಾನ ಕೊಟ್ಟಿದೆ. ನೂರಾರು ಜನರಿಗೆ ಇವನ್ನು ಸಿದ್ಧಪಡಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಬೆಲ್ಲವನ್ನು ಬೆಳಿಗ್ಗೆಯೇ ಕೊಳಗದ ನೀರಿನಲ್ಲಿ ನೆನೆಹಾಕುತ್ತಾರೆ, ಕರಗಿದ ಮೇಲೆ ತೆಳುಬಟ್ಟೆಯಲ್ಲಿ ಸೋಸುತ್ತಾರೆ, ಏಕೆಂದರೆ ಬೆಲ್ಲದಲ್ಲಿ ಕಬ್ಬಿನ ನಾರೂ ಮರಳೂ ಇರುತ್ತವೆ. ಏಲಕ್ಕಿ, ಒಣಶುಂಠಿ, ಮೆಣಸನ್ನು ಕುಟ್ಟಿ ಸೇರಿಸಿ ಕೊನೆಗೆ ನಿಂಬೆಹಣ್ಣು ಹಿಂಡುತ್ತಾರೆ. ಹೆಸರುಬೇಳೆ ನೆನೆದು ಮೆತ್ತಗಾದ ಮೇಲೆ ನೀರು ಬಸಿದು, ಸೌತೆಕಾಯಿ, ತೆಂಗಿನತುರಿ, ಸಾಸಿವೆ ಇಂಗಿನ ಒಗ್ಗರಣೆ ಕಲಸಿಡುತ್ತಾರೆ; ಉಪ್ಪನ್ನು ಮಾತ್ರ ಹಂಚುವ ಹೊತ್ತಿಗೆ ಹಾಕುತ್ತಾರೆ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಕೆಡುತ್ತದೆ. ಈ ಕೆಲಸದಲ್ಲಿ ತೊಡಗಿದ ಹೆಂಗಸರು ಮತ್ತು ಅಡುಗೆಯವರು ಬಹಳ ಸಲ ಕಛೇರಿಯನ್ನು ಕೇಳುವುದು ಚಪ್ಪರದ ಹಿಂಬದಿಯಿಂದ, ಸೌತೆಕಾಯಿ ಹೆಚ್ಚುತ್ತಲೇ.

ಚೈತ್ರದ ನಗರವನ್ನು ಕುರಿತು ಬರೆಯುವಾಗ ಕರಗವನ್ನು ಬಿಡಲಾಗದು. ನವಮಿ ಕಳೆದು ಒಂದು ವಾರದೊಳಗೆ, ಚೈತ್ರ ಹುಣ್ಣಿಮೆಯ ರಾತ್ರಿ, ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ತಿಗಳ ಸಮುದಾಯದ ಹೂವಿನ ಕರಗ ಹೊರಡುತ್ತದೆ. ಕತ್ತಿ ಹಿಡಿದ ವೀರಕುಮಾರರು ಸುತ್ತುವರಿದು ಬರುತ್ತಾರೆ, ಮೆರವಣಿಗೆ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತದೆ. ಅದಕ್ಕೆ ವೇದಿಕೆಯಿಲ್ಲ, ಕುರ್ಚಿಯಿಲ್ಲ. ಇಡೀ ಹಳೆಯ ಪೇಟೆಯೇ ಅದರ ಅಂಗಳ. ಕೋಟೆ ಹೈಸ್ಕೂಲಿನ ಮೈದಾನಕ್ಕೂ ಧರ್ಮರಾಯನ ಗುಡಿಗೂ ನಡುವೆ ನಡೆದೇ ಹೋಗಬಹುದಾದಷ್ಟು ದೂರ. ಒಂದೇ ಪಕ್ಷದಲ್ಲಿ, ಅಷ್ಟು ಹತ್ತಿರದಲ್ಲಿ, ಒಂದು ಸಮುದಾಯ ಮೂರು ಗಂಟೆ ಕದಲದೆ ಕುಳಿತು ಕೇಳುವುದರಲ್ಲಿಯೂ ಇನ್ನೊಂದು ರಾತ್ರಿಯಿಡೀ ಮಲ್ಲಿಗೆಯ ನಡುವೆ ನಡೆಯುವುದರಲ್ಲಿಯೂ ಹಬ್ಬವನ್ನು ಕಾಣುತ್ತವೆ. ಎರಡನ್ನೂ ನೋಡಿದವರಿಗೆ ಮಾತ್ರ ಈ ನಗರದ ಬೇಸಿಗೆ ಪೂರ್ತಿಯಾಗಿ ದಕ್ಕುತ್ತದೆಂದು ನನ್ನ ನಂಬಿಕೆ.

ಮೊದಲ ಸಲ ರಾಮನವಮಿಯ ಕಛೇರಿಗೆ ಹೋಗುವವರು ಸಂಗೀತ ಕಲಿತಿರಬೇಕಾಗಿಲ್ಲ. ಮೃದಂಗದವರ ಬಲಗೈ ಕಾಣುವಂತೆ ಸ್ವಲ್ಪ ಬದಿಗೆ ಕುಳಿತುಕೊಳ್ಳುವುದು ಒಳ್ಳೆಯದು. ಪಕ್ಕದಲ್ಲಿ ತೊಡೆ ತಟ್ಟಿ ತಾಳ ಹಾಕುವ ಹಿರಿಯರಿದ್ದರೆ ಅವರ ಕೈಯನ್ನೇ ಅನುಸರಿಸಬಹುದು: ಒಂದು ತಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ತಟ್ಟು ಮತ್ತು ಬೀಸು ಎರಡೆರಡು ಸಲ, ಎಂಟು ಅಕ್ಷರಗಳ ಆದಿತಾಳ ಅದು. ತನಿ ಆವರ್ತನ ಆರಂಭವಾದೊಡನೆ ಎದ್ದು ಹೋಗುವ ಕೆಟ್ಟ ಅಭ್ಯಾಸವೊಂದು ನಮ್ಮ ಸಭೆಗಳಲ್ಲಿ ಬೇರುಬಿಟ್ಟಿದೆ. ಎರಡು ಗಂಟೆ ಮತ್ತೊಬ್ಬರ ಹಾಡಿಗೆ ಒತ್ತಾಸೆಯಾಗಿ ನಿಂತ ಮೃದಂಗ, ಘಟ, ಮೋರ್ಸಿಂಗ್, ಖಂಜಿರಗಳಿಗೆ ತಮ್ಮದೇ ಮಾತು ಹೇಳಿಕೊಳ್ಳಲು ಸಿಗುವ ಹೊತ್ತು ಅದೊಂದೇ. ದಯವಿಟ್ಟು ಆಗ ಏಳಬಾರದು.

ಕೊನೆಯ ದಿನಗಳಲ್ಲಿ ರಾಮಪಟ್ಟಾಭಿಷೇಕವೂ ಆಂಜನೇಯೋತ್ಸವವೂ ನಡೆಯುತ್ತವೆ, ಮಂಟಪದಲ್ಲಿದ್ದ ಪಟವೋ ವಿಗ್ರಹವೋ ಮನೆಗೆ ಅಥವಾ ಗುಡಿಗೆ ಹಿಂದಿರುಗುತ್ತದೆ. ಮಾರನೆಯ ಬೆಳಿಗ್ಗೆ ಶಾಮಿಯಾನದವರು ಬಂದು ಹಗ್ಗ ಬಿಚ್ಚುತ್ತಾರೆ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಲಾರಿಗೆ ತುಂಬುತ್ತಾರೆ. ಕಂಬ ನೆಟ್ಟಿದ್ದ ಗುಂಡಿಗಳನ್ನು ಮಣ್ಣು ಹಾಕಿ ಗಟ್ಟಿಯಾಗಿ ತುಳಿದು ಮುಚ್ಚುವ ಕೆಲಸ ಸಮಿತಿಯವರದು, ಮೇ ಕೊನೆಗೆ ಶಾಲೆ ತೆರೆದಾಗ ಮಕ್ಕಳು ಓಡುವುದು ಅದೇ ನೆಲದ ಮೇಲೆ.